ಮಾವನವರ ತಂದೆಯ ಯುದ್ಧಕಾಲದ ಆಲ್ಬಂ ಬಿಡಿಸಿ ಹೊಸದಕ್ಕೆ ಹಾಕಬಹುದೇ?

ನಿಮ್ಮ ಜರ್ಮನ್ ಮಾವನವರು ತಮ್ಮ ತಂದೆಯ ಯುದ್ಧಕಾಲದ ಆಲ್ಬಂ ಮತ್ತು ಒಂದು ಡಬ್ಬದಷ್ಟು ಪತ್ರಗಳನ್ನು ಕೊಟ್ಟಿದ್ದಾರೆ, ಹಾಳೆಗಳ ಅಂಚು ಪುಡಿಯಾಗುತ್ತಿರುವುದರಿಂದ ಚಿತ್ರಗಳನ್ನು ಬಿಡಿಸಿ ಹೊಸ ಆಲ್ಬಂಗೆ ಹಾಕಿ ಬೆಂಗಳೂರಿಗೆ ತರಲೇ ಎಂದು ಕೇಳಿದ್ದೀರಿ. ಮಾವನವರ ತಂದೆ ಯುದ್ಧದಲ್ಲಿ ಎಲ್ಲಿದ್ದರೆಂದು ತಿಳಿಯುವ ದಾರಿಯನ್ನೂ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ: ದಯವಿಟ್ಟು ಬಿಡಿಸಬೇಡಿ. ನಾನು ಆ ತಪ್ಪನ್ನು ಅರ್ಧ ಮಾಡಿ ನಿಲ್ಲಿಸಿದವನು.

ನನ್ನ ಪತ್ನಿಯ ಅಜ್ಜನ ಆಲ್ಬಂ ಎಂಟು ವರ್ಷಗಳ ಹಿಂದೆ ಹ್ಯಾನೋವರ್ ಬಳಿಯ ಹಳ್ಳಿಯಿಂದ ನಮ್ಮ ಮನೆಗೆ ಬಂತು. ಕಪ್ಪು ರಟ್ಟಿನ ಹಾಳೆಗಳು, ಅವುಗಳ ನಡುವೆ ಜೇಡರ ಬಲೆಯಂಥ ಗೆರೆಗಳಿರುವ ತೆಳು ಕಾಗದ, ಬಿಳಿ ಪೆನ್ಸಿಲ್ಲಿನಲ್ಲಿ ಬರೆದ ಊರು ಮತ್ತು ತಿಂಗಳು. ಹತ್ತು ಹನ್ನೆರಡು ಚಿತ್ರಗಳನ್ನು ಕಳಚಿ ಪ್ಲಾಸ್ಟಿಕ್ ಜೇಬುಗಳಿಗೆ ಸೇರಿಸಿದ ಮೇಲೆ, ಒಂದು ಪುಟದಲ್ಲಿ ನಾಲ್ಕು ಅಂಟುಮೂಲೆಗಳಷ್ಟೇ ಉಳಿದು ಚಿತ್ರವೇ ಇಲ್ಲದಿರುವುದು ಕಣ್ಣಿಗೆ ಬಿತ್ತು. ಅದರ ಕೆಳಗಿನ ಬರಹವನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದರು. ಮುಂದಿನ ಪುಟದ ಮದುವೆಯ ಚಿತ್ರದಲ್ಲಿ ನೆಂಟರೊಬ್ಬರ ಕೋಟಿನ ಮಡಿಕೆಯ ಮೇಲೆ, ನಾತ್ಸಿ ಪಕ್ಷದ ಬಿಲ್ಲೆ ಇರಬೇಕಾದಲ್ಲಿ, ಸೂಜಿಯಿಂದ ಗೀಚಿದ ಬಿಳಿ ಚುಕ್ಕೆ. 1945ರ ನಂತರ ಇಂಥ ಕೆರೆತ ಅದೆಷ್ಟೋ ಮನೆಗಳಲ್ಲಿ ನಡೆದಿದೆ. ಏನನ್ನು ಇಟ್ಟುಕೊಂಡರು ಎಂಬಷ್ಟೇ ಏನನ್ನು ತೆಗೆದರು ಎಂಬುದೂ ಆ ಮನೆತನದ ದಾಖಲೆ; ಹೊಸ ಆಲ್ಬಂನಲ್ಲಿ ಮೊದಲು ಅಳಿಸಿಹೋಗುವುದು ಆ ಖಾಲಿ ಜಾಗವೇ.

ಆದ್ದರಿಂದ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೆಯೇ, ಕ್ರಮವಾಗಿ, ಮೇಲಿನಿಂದ ಫೋಟೋ ತೆಗೆಯಿರಿ. ಆಮೇಲೆ ಒಂದೊಂದು ಚಿತ್ರವನ್ನು ಸ್ಕ್ಯಾನ್ ಮಾಡಿ. ಅವು ಹೆಚ್ಚಾಗಿ 6×9 ಸೆಂಟಿಮೀಟರಿನ ಪುಟ್ಟ ಪ್ರತಿಗಳಾದ್ದರಿಂದ 600 ಡಿಪಿಐಗಿಂತ ಕಡಿಮೆ ಬೇಡ. ಮೂಲೆಗಳಿಂದ ಸಲೀಸಾಗಿ ಹೊರಬರುವ ಚಿತ್ರಗಳ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಮತ್ತೆ ಅದೇ ಮೂಲೆಗಳಿಗೆ ಸೇರಿಸಿ. ಹಿಂಬದಿಯಲ್ಲಿ ಸ್ಟುಡಿಯೋ ಮುದ್ರೆ, ಕಾಗದದ ಕಂಪನಿಯ ಗುರುತು, ಕೆಲವೊಮ್ಮೆ ಪ್ರತಿಗಳ ಬೇಡಿಕೆಗಾಗಿ ಬರೆದ ಸಂಖ್ಯೆ ಇರುತ್ತದೆ. ಸೈನಿಕರು ಪ್ರತಿಗಳನ್ನು ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು, ಹಾಗಾಗಿ ಆಲ್ಬಂನಲ್ಲಿರುವ ಚಿತ್ರವನ್ನೆಲ್ಲ ಅವರೇ ತೆಗೆದರೆಂದಾಗಲಿ, ಆ ಜಾಗಗಳಿಗೆಲ್ಲ ಅವರೇ ಹೋಗಿದ್ದರೆಂದಾಗಲಿ ಭಾವಿಸಬೇಡಿ. ಬಳಿಕ ಆಲ್ಬಂ ಅನ್ನು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಪಿವಿಸಿ ಜೇಬು, ಸೆಲ್ಲೋಟೇಪು, ಬಾಲ್‌ಪೆನ್ನು ಮೂರೂ ದೂರವಿರಲಿ.

ನಿಮ್ಮ ಊಹೆಯನ್ನು ಚಿತ್ರದ ಮೇಲಾಗಲಿ ಹಿಂದಾಗಲಿ ಬರೆಯಬೇಡಿ. ಬೇರೆ ಹಾಳೆಯಲ್ಲಿ, ಊಹೆಯೆಂದೇ ಬರೆದಿಡಿ. ಜರ್ಮನ್ ಸೇನೆಯ ಅಪರಾಧಗಳ ಕುರಿತು 1995ರಲ್ಲಿ ಹ್ಯಾಂಬರ್ಗಿನ ಸಮಾಜ ಸಂಶೋಧನಾ ಸಂಸ್ಥೆ ಏರ್ಪಡಿಸಿದ್ದ ಪ್ರದರ್ಶನವನ್ನು 1999ರಲ್ಲಿ ನಿಲ್ಲಿಸಬೇಕಾಗಿ ಬಂತು, ಏಕೆಂದರೆ ಕೆಲವು ಚಿತ್ರಗಳಲ್ಲಿದ್ದವರು ಸೋವಿಯತ್ ಗುಪ್ತ ಪೊಲೀಸರು ಕೊಂದವರೆಂದು ತಿಳಿಯಿತು. ಇತಿಹಾಸಕಾರರ ಸಮಿತಿ ಪರಿಶೀಲಿಸಿದಾಗ 1433 ಚಿತ್ರಗಳಲ್ಲಿ ಹಾಗೆ ಸೇರಬಾರದಿದ್ದವು ಇಪ್ಪತ್ತಕ್ಕೂ ಕಡಿಮೆ; ಪ್ರದರ್ಶನದ ಮೂಲ ವಾದವೂ ನಿಂತಿತು. ಆದರೂ ಆ ಬೆರಳೆಣಿಕೆಯ ಅಡಿಬರಹಗಳು ಎಷ್ಟು ದೊಡ್ಡ ಗದ್ದಲಕ್ಕೆ ಕಾರಣವಾದವೆಂಬುದನ್ನು ಜರ್ಮನಿಯ ಹಿರಿಯರು ಇನ್ನೂ ಮರೆತಿಲ್ಲ.

ಇನ್ನು ದಾಖಲೆಗಳ ಮಾತು. ಪತ್ರಗಳ ಲಕೋಟೆಗಳನ್ನು ಎಸೆಯಬೇಡಿ. ಸೈನಿಕರು ತಾವಿರುವ ಊರಿನ ಹೆಸರನ್ನು ಬರೆಯುವಂತಿರಲಿಲ್ಲ. ಅದರ ಬದಲು ಐದಂಕಿಯ ಸೇನಾ ಅಂಚೆಸಂಖ್ಯೆ ಇರುತ್ತದೆ, ಅದರಿಂದ ಅವರ ತುಕಡಿ ಯಾವುದೆಂದು ಪತ್ತೆಯಾಗುತ್ತದೆ. ಒಂದೇ ಸಂಖ್ಯೆಯನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ತುಕಡಿಗಳಿಗೆ ಕೊಟ್ಟದ್ದುಂಟಾದ್ದರಿಂದ, ದಿನಾಂಕವಿಲ್ಲದೆ ಸಂಖ್ಯೆಯೊಂದನ್ನೇ ನಂಬಬೇಡಿ. ಪತ್ರಗಳ ಲಿಪಿ ನಿಮ್ಮ ಮಾವನವರಿಗೂ ಓದಲು ಬರದಿರಬಹುದು; ಸ್ಯುಟರ್ಲಿನ್ ಎಂಬ ಆ ಕೈಬರಹವನ್ನು ಜರ್ಮನಿಯ ಅಂದಿನ ಪ್ರಷ್ಯಾ ರಾಜ್ಯದ ಶಾಲೆಗಳಲ್ಲಿ 1915ರಿಂದ ಕಲಿಸಿದರು, 1941ರಲ್ಲಿ ನಿಲ್ಲಿಸಿದರು. ನಮ್ಮ ಅತ್ತೆಗೆ ತಮ್ಮ ತಂದೆಯ ಪತ್ರಗಳೇ ಓದಲಾಗದೆ, ಪಕ್ಕದ ಮನೆಯ ತೊಂಬತ್ತರ ಅಜ್ಜಿ ಗಟ್ಟಿಯಾಗಿ ಓದಿ ಬರೆಸಿದರು.

ಹೆಸರು, ಹುಟ್ಟಿದ ದಿನ ಮತ್ತು ಊರು ಗೊತ್ತಿದ್ದರೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಖಿವ್‌ಗೆ ಮಾವನವರ ಹೆಸರಿನಲ್ಲಿ ಅರ್ಜಿ ಹಾಕಿ. ಸೈನಿಕರ ಮಾಹಿತಿಗೆಂದು 1939ರ ಆಗಸ್ಟಿನಲ್ಲಿ ಶುರುವಾದ ಬರ್ಲಿನ್ನಿನ ಕಚೇರಿಯನ್ನು 2019ರಲ್ಲಿ ಅದರೊಳಗೆ ಸೇರಿಸಲಾಯಿತು. ಗುರುತುಬಿಲ್ಲೆಯ ಪಟ್ಟಿಗಳು, ಗಾಯ ಮತ್ತು ಸಾವಿನ ವರದಿಗಳು, 1.8 ಕೋಟಿಗೂ ಹೆಚ್ಚು ಸೈನಿಕರ ಕಾರ್ಡುಗಳು ಅಲ್ಲಿವೆ. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ತುಕಡಿ ತಿಳಿದ ಮೇಲೆ, ಉಳಿದಿದ್ದರೆ, ಅದರ ಯುದ್ಧ ದಿನಚರಿ ಫ್ರೈಬುರ್ಗ್‌ನ ಸೇನಾ ಪತ್ರಾಗಾರದಲ್ಲಿ ಸಿಗುತ್ತದೆ. ಮೊದಲ ಮಹಾಯುದ್ಧದ ಪ್ರಷ್ಯನ್ ಸೈನಿಕರ ಕಡತಗಳು ಮಾತ್ರ ಹೆಚ್ಚಾಗಿ ಸಿಗಲಾರವು, 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ಬಿದ್ದ ಬಾಂಬಿಗೆ ಅವು ಸುಟ್ಟುಹೋದವು. ನಾತ್ಸಿ ಪಕ್ಷದ ಸದಸ್ಯತ್ವದ ಕಾರ್ಡುಗಳು ಉಳಿದದ್ದು ಇದಕ್ಕೆ ತದ್ವಿರುದ್ಧವಾದ ಕಥೆ: ಮುದ್ದೆ ಮಾಡಲೆಂದು ಮ್ಯೂನಿಕ್ ಬಳಿಯ ಕಾಗದದ ಗಿರಣಿಗೆ ಕಳಿಸಿದ್ದ ರಾಶಿಯನ್ನು ಗಿರಣಿಯ ಯಜಮಾನ ಮುದ್ದೆ ಮಾಡಲೇ ಇಲ್ಲ. ಅವೂ ಈಗ ಬುಂಡೆಸ್‌ಆರ್ಖಿವ್‌ನಲ್ಲೇ ಇವೆ. ಕೇಳಲು ಮನೆಯವರು ಸಿದ್ಧರಿದ್ದಾರೆಯೇ ಎಂದು ಮೊದಲು ಮಾತನಾಡಿಕೊಳ್ಳಿ; ನಮ್ಮಲ್ಲಿ ಆ ಮಾತಿಗೆ ಎರಡು ಕ್ರಿಸ್ಮಸ್ ಬೇಕಾದವು.

ಆಲ್ಬಂನಲ್ಲಿರುವ ಮನೆಯವರಲ್ಲದವರನ್ನೂ ನೋಡಿ. ನಮ್ಮದರಲ್ಲಿ "ಸುಗ್ಗಿ, 1942" ಎಂದಷ್ಟೇ ಬರೆದ ಚಿತ್ರವೊಂದಿದೆ; ಗಾಡಿಯ ಪಕ್ಕ ನಿಂತ ಹುಡುಗನ ಎದೆಯ ಮೇಲೆ ವಜ್ರಾಕೃತಿಯ ಸಣ್ಣ ಬಟ್ಟೆ, ಹಿಗ್ಗಿಸಿದಾಗ ಅದರಲ್ಲಿ "ಪಿ" ಅಕ್ಷರ. ಪೋಲೆಂಡಿನಿಂದ ತಂದ ಬಲವಂತದ ದುಡಿಮೆಗಾರರು 1940ರಿಂದ ಅದನ್ನು ಹೊಲಿದುಕೊಳ್ಳಲೇಬೇಕಿತ್ತು. ಅಂಥವರ ದಾಖಲೆಗಳು ಬಾಡ್ ಆರೊಲ್ಸೆನ್ ಪಟ್ಟಣದ ಆರೊಲ್ಸೆನ್ ಪತ್ರಾಗಾರದಲ್ಲಿವೆ, ಬಹುಪಾಲನ್ನು ಅಂತರ್ಜಾಲದಲ್ಲೇ ಹುಡುಕಬಹುದು. ಹಳ್ಳಿಯ ಹೆಸರು ಹಾಕಿ ನಾನು ಇನ್ನೂ ಹುಡುಕುತ್ತಿದ್ದೇನೆ.

ಬೆಂಗಳೂರಿಗೆ ಸ್ಕ್ಯಾನುಗಳನ್ನು ತನ್ನಿ, ಮೂಲವನ್ನು ಅಲ್ಲೇ ಬಿಡಿ. ಮಾವನವರ ಊರಿನ ನಗರ ಪತ್ರಾಗಾರ ಒಪ್ಪಿದರೆ, ಯಾರು ಯಾವಾಗ ನೋಡಬಹುದೆಂಬ ಷರತ್ತನ್ನು ಬರೆದುಕೊಂಡು ಅಲ್ಲಿಗೆ ಒಪ್ಪಿಸಬಹುದು. ನೆಗೆಟಿವ್‌ಗಳಿದ್ದರೆ ಅವನ್ನು ಮುಟ್ಟುವ ಮುನ್ನ ಅಲ್ಲಿನವರಿಗೆ ತೋರಿಸಿ, ಆ ಕಾಲದ ಕೆಲವು ಫಿಲ್ಮುಗಳು ಸೆಲ್ಯುಲೋಸ್ ನೈಟ್ರೇಟಿನವು, ಸುಲಭವಾಗಿ ಹೊತ್ತಿಕೊಳ್ಳುತ್ತವೆ.