ಇಟ್ಟಿಗೆ ಗೋಡೆಯ ಮುಂದೆ ಯಾವ ಬಣ್ಣದ ಹಯಸಿಂತ್ ಹಾಕಲಿ?

ನೆದರ್ಲ್ಯಾಂಡ್ಸ್‌ಗೆ ಹೊಸದಾಗಿ ಬಂದಿದ್ದೀರಿ, ಇಟ್ಟಿಗೆ ಗೋಡೆಯ ಪಕ್ಕ ಒಂದು ಸಣ್ಣ ಪಾತಿ ಇದೆ, ಎಲ್ಲ ಬಣ್ಣ ಬೆರೆತ ಹಯಸಿಂತ್ (ವಸಂತದಲ್ಲಿ ಗೊಂಚಲಾಗಿ ಅರಳುವ ಹೂಗಿಡ) ಗೆಡ್ಡೆಗಳ ಪ್ಯಾಕೆಟ್ ತರಬಹುದಾ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಇರುವವಳು. ಬೆರಕೆ ಪ್ಯಾಕೆಟ್ ಬೇಡ. ಮೊದಲ ವರ್ಷ ನಾನು ಅದನ್ನೇ ತಂದಿದ್ದೆ. ಎಲ್ಲ ತಳಿಗಳೂ ಒಟ್ಟಿಗೆ ಅರಳುವುದಿಲ್ಲ. ನೀಲಿ ಬಾಡಿದ ಮೇಲೆ ಹಳದಿ ಬಂತು. ಪಾತಿ ಒಂದು ದಿನವೂ ತುಂಬಿ ಕಾಣಲಿಲ್ಲ.

ಬಣ್ಣ ಆರಿಸುವ ಮೊದಲು ಹೂವಿನ ಹಿಂದೆ ಏನಿದೆ ನೋಡಿ. 'ಯಾನ್ ಬಾಸ್' ಅನ್ನುವ ಕೆಂಪು ತಳಿ ತುಂಬಾ ಚೆಂದ. ಆದರೆ ಕೆಂಪು ಇಟ್ಟಿಗೆಯ ಮುಂದೆ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಗೋಡೆಗೆ 'ಡೆಲ್ಫ್ಟ್ ಬ್ಲೂ' ಸರಿ. ಡೆಲ್ಫ್ಟ್ ಊರಿನ ಪಿಂಗಾಣಿಯ ನೆನಪು ತರುವ ಹೆಸರು, ಸ್ವಲ್ಪ ನೇರಳೆ ಸೇರಿದ ಮೆದು ನೀಲಿ. 'ಬ್ಲೂ ಜಾಕೆಟ್' ಇನ್ನೂ ಗಾಢ. ಅದನ್ನು ಬಾಗಿಲ ಹತ್ತಿರ ಮಾತ್ರ ಹಾಕಿ. ಸಂಜೆ ದೂರದಿಂದ ನೋಡಿದರೆ ಗಾಢ ನೀಲಿ ಮಣ್ಣಿನ ಜೊತೆ ಸೇರಿಹೋಗುತ್ತದೆ. ಕೆಲಸದಿಂದ ಸಂಜೆ ಮನೆಗೆ ಬರುವವರಿಗೆ ಬಿಳಿಯೇ ಒಳ್ಳೆಯದು, ಅಲ್ವಾ? ಬಿಳಿ ಬೇಕಿದ್ದರೆ 'ಕಾರ್ನೆಗಿ' ಕೇಳಿ.

ಹಳದಿಗೆ 'ಸಿಟಿ ಆಫ್ ಹಾರ್ಲೆಮ್', 1893ರಷ್ಟು ಹಳೆಯ ತಳಿ. ಬೆಣ್ಣೆಯ ಬಣ್ಣದಲ್ಲಿ ಅರಳಿ, ದಿನ ಕಳೆದಂತೆ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಜಿಪ್ಸಿ ಕ್ವೀನ್'. ಕನಕಾಂಬರವನ್ನು ಹಾಲಿನಲ್ಲಿ ಅದ್ದಿ ತೆಗೆದಂತಹ ಬಣ್ಣ! ಊರು ನೆನಪಾಗುತ್ತದೆ. ಆದರೆ ಅದಕ್ಕೆ ಹಿಂದೆ ಹಸಿರು ಬೇಲಿ ಇರಬೇಕು, ಇಟ್ಟಿಗೆ ಅಲ್ಲ.

ಒಂದೇ ಬಣ್ಣದ ಏಳೆಂಟು ಗೆಡ್ಡೆ ಒಟ್ಟಿಗೆ ಗುಂಪಾಗಿ ನೆಡಿ. ಸಾಲಾಗಿ ಬೇಡ. ಅಕ್ಟೋಬರ್‌ನಲ್ಲಿ, 10ರಿಂದ 15 ಸೆಂಟಿಮೀಟರ್ ಆಳಕ್ಕೆ. ಚಳಿ ಚೆನ್ನಾಗಿ ತಾಗಿದರೇ ವಸಂತದಲ್ಲಿ ಹೂ ಬರುವುದು. ಎರಡನೇ ವರ್ಷ ಹೂಗೊಂಚಲು ತೆಳುವಾಗುತ್ತದೆ, ಹೆದರಬೇಡಿ, ಅದು ಸಹಜ. ನನಗಂತೂ ಆ ಸಡಿಲ ಗೊಂಚಲೇ ಜಾಸ್ತಿ ಇಷ್ಟ.

ನೆಡುವಾಗ ಮಾತ್ರ ಗ್ಲೌಸ್ ಹಾಕಿಕೊಳ್ಳಿ. ಸುವರ್ಣಗೆಡ್ಡೆ ಹೆಚ್ಚಿದಾಗ ಆಗುವ ಹಾಗೆ ಕೈ ತುರಿಸುತ್ತದೆ.