ಮಳೆಗಾಲದಲ್ಲಿ ಜಾಗರ್ ಯಂತ್ರ ಹಾಳೆಗಳ ಅಂಚು ಕೂಡಿಸುವುದಿಲ್ಲ, ಏಕೆ?

ಶಿರಸಿಯ ನಿಮ್ಮ ಪ್ರೆಸ್ಸಿನಲ್ಲಿ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುವ ಜಾಗರ್ (ಹಾಳೆಗಳನ್ನು ನಡುಗಿಸಿ ಅಂಚು ಸಮ ಮಾಡುವ ಯಂತ್ರ), ಆಷಾಢದಲ್ಲಿ ಹಾಳೆಗಳನ್ನು ಸರಿಯಾಗಿ ಜೋಡಿಸುವುದಿಲ್ಲವೆಂದು ಬರೆದಿದ್ದೀರಿ. ದೋಷ ಬಹುಮಟ್ಟಿಗೆ ಯಂತ್ರದ್ದಲ್ಲ, ಕಾಗದದ್ದು.

ಜಾಗರಿನ ತಟ್ಟೆ ಒಂದು ಮೂಲೆಯತ್ತ ಓರೆಯಾಗಿದ್ದು, ಅಲ್ಲಿ ಎರಡು ಅಡ್ಡಗೋಡೆಗಳು ಲಂಬಕೋನದಲ್ಲಿ ಕೂಡುತ್ತವೆ. ತಟ್ಟೆ ನಡುಗಿದಾಗ ಹಾಳೆಗಳು ಕ್ಷಣಮಾತ್ರ ಒಂದರಿಂದೊಂದು ಬಿಡಿಸಿಕೊಂಡು, ನಡುವೆ ಗಾಳಿ ಸೇರಿ, ಘರ್ಷಣೆ ತಗ್ಗಿ, ತಮ್ಮ ತೂಕದಿಂದಲೇ ಜಾರಿ ಗೋಡೆಗೆ ಒರಗುತ್ತವೆ. ತಟ್ಟೆಯನ್ನು ನಡುಗಿಸುವ ವಿದ್ಯುತ್ಕಾಂತವನ್ನು ನೇರವಾಗಿ ಮನೆಯ ವಿದ್ಯುತ್ತಿಗೆ ಜೋಡಿಸಿದ ಮಾದರಿಯಲ್ಲಿ, 50 ಹರ್ಟ್ಸ್‌ನ ಪ್ರತಿ ಆವರ್ತಕ್ಕೆ ಎರಡು ಎಳೆತದಂತೆ, ಸೆಕೆಂಡಿಗೆ 100 ಕಂಪನಗಳಾಗುತ್ತವೆ.

ಆದರೆ ಕಾಗದದ ನಾರು ಮಳೆಗಾಲದ ತೇವವನ್ನು ಹೀರಿ ಉಬ್ಬುತ್ತದೆ. ತೆರೆದಿಟ್ಟ ಕಟ್ಟಿನ ಅಂಚುಗಳು ಒಳಭಾಗಕ್ಕಿಂತ ಮೊದಲು ಹಿಗ್ಗಿ ಅಲೆಯಲೆಯಾಗುವುದರಿಂದ, ಅವು ಗೋಡೆಗೆ ನೇರವಾಗಿ ತಾಗುವುದೇ ಇಲ್ಲ. ಕಂಪನ ಹೆಚ್ಚಿಸಿದರೆ ತೆಳು ಹಾಳೆ ಕುಣಿದು ಇನ್ನಷ್ಟು ಚದುರುತ್ತದೆ. ಆದ್ದರಿಂದ ಕಟ್ಟನ್ನು ಬೇಕಾದಾಗಲೇ ಬಿಚ್ಚಿ, ಉಳಿದುದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಿ. ಹಾಳೆಗಳನ್ನು ಸಣ್ಣ ಹಿಡಿಗಳಾಗಿ ತೆಗೆದುಕೊಂಡು, ಕೈಯಲ್ಲಿ ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸಿದ ಮೇಲೆ ತಟ್ಟೆಗೆ ಹಾಕಿ. ಆರ್ಟ್ ಪೇಪರಿನ (ನುಣುಪು ಲೇಪನದ ಕಾಗದದ) ಮೇಲೆ ಅಚ್ಚಾದ ಶಾಯಿ ಪೂರ್ತಿ ಒಣಗುವ ತನಕವಂತೂ ದಯವಿಟ್ಟು ಜಾಗರ್ ಬಳಸಬೇಡಿ, ಹಸಿ ಶಾಯಿ ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಳ್ಳುತ್ತದೆ.