ಅರೀನಾದಲ್ಲಿ ರೋಬೋ ಕೈಕೊಟ್ಟಾಗ ಮೊದಲು ಲೈಟ್ ನೋಡಿ

ಕಾಲೇಜು ಫೆಸ್ಟ್‌ಗಳ ಸಮಯ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಬರುತ್ತದೆ. ಸುರತ್ಕಲ್‌ನಿಂದ, ಮಣಿಪಾಲದಿಂದ, ನಿಟ್ಟೆಯಿಂದ, ಮೂಡುಬಿದಿರೆಯಿಂದ. "ಸರ್, ಲ್ಯಾಬ್‌ನಲ್ಲಿ ರೋಬೋ ಚೆಂದ ಓಡುತ್ತಿತ್ತು, ಸ್ಪರ್ಧೆಯ ಅರೀನಾಕ್ಕೆ ಇಳಿಸಿದ್ದೇ ಕಂಟ್ರೋಲ್ ಹೋಯಿತು." ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ್ದು ಎಲ್ಲರ ಎದುರು ಕಲ್ಲಿನ ಹಾಗೆ ನಿಂತರೆ ಎಷ್ಟು ಸಂಕಟ ಆಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಬ್ಲೂಟೂತ್ ಪೇರ್ ಮಾಡುವುದು ಹೇಗೆ, ಕೋಡ್ ಅಪ್‌ಲೋಡ್ ಮಾಡುವುದು ಹೇಗೆ ಎಂದು ಕೇಳಿದವರು ಕ್ಷಮಿಸಿ, ಅದನ್ನು ಸೀನಿಯರ್‌ಗಳ ಹತ್ತಿರ ಕೇಳಿ ಕಲಿಯಿರಿ.

ಪ್ರಶ್ನೆ: ನಮ್ಮದು ರೋಬೋ ಸಾಕರ್ ತಂಡ. ಆರ್ಡುಯಿನೊ ಊನೊ (ಕೋಡ್ ಓಡುವ ಕಂಟ್ರೋಲ್ ಬೋರ್ಡ್), ಎಲ್298ಎನ್ ಡ್ರೈವರ್ (ಮೋಟರ್‌ಗೆ ಕರೆಂಟ್ ಕೊಡುವ ಬೋರ್ಡ್), ನಾಲ್ಕು ಗೇರ್ ಮೋಟರ್, ಎಚ್‌ಸಿ-05 ಬ್ಲೂಟೂತ್, ಎರಡು 18650 ಲಿಥಿಯಂ ಸೆಲ್. ಲ್ಯಾಬ್‌ನಲ್ಲಿ ಅರ್ಧ ಗಂಟೆ ಓಡಿಸಿದರೂ ಏನೂ ತೊಂದರೆ ಇಲ್ಲ. ಮ್ಯಾಚ್‌ನಲ್ಲಿ ಎದುರಾಳಿಗೆ ಡಿಕ್ಕಿ ಹೊಡೆದ ಕೂಡಲೇ ಬ್ಲೂಟೂತ್ ಕಟ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ. ಅಲ್ಲಿ ಸೇರಿದ ಜನರ ಮೊಬೈಲ್ ಸಿಗ್ನಲ್ ಕಾರಣವೇ? (ವಿದ್ಯಾರ್ಥಿನಿ, ಕಾರ್ಕಳ)

ಅಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಉಂಟು. "ಡಿಕ್ಕಿ ಹೊಡೆದ ಕೂಡಲೇ" ಎಂದಿದ್ದೀರಿ. ಜನರ ಮೊಬೈಲ್‌ಗೂ ನಿಮ್ಮ ಡಿಕ್ಕಿಗೂ ಏನು ಸಂಬಂಧ? ಡಿಕ್ಕಿ ಹೊಡೆದಾಗ ಏಟು ಬೀಳುವುದು ಬ್ಯಾಟರಿಗೆ.

ಲ್ಯಾಬ್‌ನಲ್ಲಿ ನೀವು ರೋಬೋವನ್ನು ಪುಸ್ತಕದ ಮೇಲೋ ಡಬ್ಬದ ಮೇಲೋ ಕೂರಿಸಿ, ಚಕ್ರ ಗಾಳಿಯಲ್ಲಿ ತಿರುಗಿಸಿ ನೋಡಿರುತ್ತೀರಿ. ಇಲ್ಲವೇ ನುಣುಪಾದ ಟೈಲ್ಸ್ ಮೇಲೆ ಓಡಿಸಿರುತ್ತೀರಿ. ಆಗ ಮೋಟರ್‌ಗೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಎದುರಾಳಿಯನ್ನು ತಳ್ಳುವಾಗ ಚಕ್ರ ನಿಂತುಬಿಡುತ್ತದೆ. ತಿರುಗದೆ ನಿಂತ ಮೋಟರ್ ಸುಮ್ನೆ ಓಡುವ ಮೋಟರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಒಂದೊಂದು ಮೋಟರ್ 1.5 ಆಂಪಿಯರ್ ಎಳೆದರೂ ನಾಲ್ಕಕ್ಕೆ 6 ಆಂಪಿಯರ್ ಆಯಿತು. ಸೆಲ್, ಹೋಲ್ಡರ್‌ನ ಸ್ಪ್ರಿಂಗ್, ನೂಲಿನಂಥ ತೆಳು ವಯರ್, ಆ ಸಣ್ಣ ಸ್ವಿಚ್ ಎಲ್ಲ ಸೇರಿ ಅರ್ಧ ಓಮ್ ರೆಸಿಸ್ಟೆನ್ಸ್ ಎಂದು ಇಟ್ಟುಕೊಳ್ಳಿ. 6 ಆಂಪಿಯರ್‌ಗೆ 3 ವೋಲ್ಟ್ ದಾರಿಯಲ್ಲೇ ಹೋಯಿತು. ಎರಡು ಸೆಲ್‌ನ 7.4 ವೋಲ್ಟ್‌ನಲ್ಲಿ ಉಳಿದದ್ದು 4.4. ಎಲ್298ಎನ್ ಬೋರ್ಡಿನ 5 ವೋಲ್ಟ್ ರೆಗ್ಯುಲೇಟರ್ (ಆರ್ಡುಯಿನೊಗೆ 5 ವೋಲ್ಟ್ ಇಳಿಸಿ ಕೊಡುವ ಭಾಗ) ತನ್ನ ಪಾಲಿಗೆ ಸುಮಾರು 2 ವೋಲ್ಟ್ ತಿನ್ನುತ್ತದೆ. ಆರ್ಡುಯಿನೊಗೆ ಸಿಕ್ಕಿದ್ದು 2.4. ಊನೊದಲ್ಲಿ ವೋಲ್ಟೇಜ್ 2.7ರಿಂದ ಕೆಳಗೆ ಇಳಿದರೆ ಚಿಪ್ ತಾನಾಗಿ ರಿಸೆಟ್ ಆಗುವ ಹಾಗೆ ಇಟ್ಟಿರುತ್ತಾರೆ. ಎಚ್‌ಸಿ-05 ಅದಕ್ಕೂ ಮೊದಲೇ ಮಲಗಿರುತ್ತದೆ.

ಈ ಕುಸಿತ ಕಣ್ಣು ಮಿಟುಕಿಸುವಷ್ಟು ಹೊತ್ತಿನದು. ಆರ್ಡುಯಿನೊ ಒಂದೆರಡು ಸೆಕೆಂಡಿನಲ್ಲಿ ಎದ್ದು ಕೂರುತ್ತದೆ. ಆದರೆ ಎಚ್‌ಸಿ-05 ಎದ್ದ ಮೇಲೆ ನಿಮ್ಮ ಫೋನ್ ಮತ್ತೆ ಕರೆಯುವವರೆಗೆ ಕಾಯುತ್ತಾ ಇರುತ್ತದೆ. ನೀವು ಇಲ್ಲಿ ಬಟನ್ ಒತ್ತುತ್ತಲೇ ಇರುತ್ತೀರಿ. ಕ್ಷಣದ ಕುಸಿತಕ್ಕೆ ಇಡೀ ಮ್ಯಾಚ್ ಹೋಯಿತು.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ರೋಬೋ ನಿಂತ ಕೂಡಲೇ ಓಡಿ ಹೋಗಿ ಸ್ವಿಚ್ ಆಫ್ ಮಾಡುತ್ತೀರಿ. ಯಾಕೆ? ಕಾರಣ ಹೇಳುವ ಸಾಕ್ಷಿ ಎಲ್ಲ ಅಲ್ಲೇ ಅಳಿಸಿ ಹೋಗುತ್ತದೆ. ರೋಬೋ ಹುಚ್ಚು ಹಿಡಿದ ಹಾಗೆ ಓಡುತ್ತಿದ್ದರೆ ಆಫ್ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಮ್ಮನೆ ನಿಂತಿದ್ದರೆ ಬಗ್ಗಿ ಹತ್ತು ಸೆಕೆಂಡ್ ಲೈಟ್ ನೋಡಿ. ಎಚ್‌ಸಿ-05ರ ಕೆಂಪು ಲೈಟ್ ಪಟಪಟನೆ ಮಿನುಗುತ್ತಿದ್ದರೆ ಫೋನಿನ ಸಂಪರ್ಕ ಇಲ್ಲ. ಸ್ವಲ್ಪ ಬಿಟ್ಟು ಬಿಟ್ಟು ಎರಡೆರಡು ಸಲ ಮಿನುಗುತ್ತಿದ್ದರೆ ಸಂಪರ್ಕ ಇದೆ, ತಪ್ಪು ಕೋಡ್‌ನಲ್ಲೋ ಡ್ರೈವರ್‌ನಲ್ಲೋ ಇದೆ.

ಸಂಪರ್ಕ ತಪ್ಪಿದ್ದು ಯಾಕೆ ಎಂದು ತಿಳಿಯಲು ಕೋಡ್‌ನ ಸೆಟಪ್ ಭಾಗದಲ್ಲಿ ನಾಲ್ಕು ಸಾಲು ಬರೆಯಿರಿ. ಆರ್ಡುಯಿನೊ ಶುರುವಾಗುವಾಗ 13ನೇ ಪಿನ್‌ನ ಲೈಟ್ ಮೂರು ಸಲ ಮಿನುಗಲಿ. ಮ್ಯಾಚ್ ನಡುವೆ ಆ ಮೂರು ಮಿನುಗು ಕಂಡರೆ ಅದು ರಿಸೆಟ್ ಆಗಿದೆ, ಅಂದರೆ ಕರೆಂಟ್ ತಪ್ಪಿದೆ. ಮಲ್ಟಿಮೀಟರ್ ಹಿಡಿದು "ಸರ್, 7.8 ವೋಲ್ಟ್ ಬರ್ತಾ ಉಂಟು" ಎನ್ನಬೇಡಿ. ಸಾದಾ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ, ಈ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ.

ಕಳೆದ ಸಲ ಒಂದು ತಂಡದ ಜೊತೆ ವೇದಿಕೆಯ ಹಿಂದೆ ಕೂತು ಮಾಡಿದ್ದನ್ನು ಹೇಳುತ್ತೇನೆ, ನೀವೂ ಮಾಡಿ. ರೋಬೋದ ಮೂತಿಯನ್ನು ಬೆಂಚಿನ ಕಾಲಿಗೆ ಒತ್ತಿ ಇಟ್ಟೆವು. ಮುಂದೆ ಹೋಗುವ ಬಟನ್ ಒಂದೇ ಸೆಕೆಂಡ್ ಒತ್ತಿದ್ದು. ಊನೊದ ಹಸಿರು ಲೈಟ್ ಎಣ್ಣೆ ತೀರಿದ ದೀಪದ ಹಾಗೆ ಮಂಕಾಯಿತು, ಮತ್ತೆ ಬೆಳಗಿತು, ಮೂರು ಸಲ ಮಿನುಗಿತು. ಹುಡುಗರ ಮುಖ ನೋಡಬೇಕಿತ್ತು. ಎರಡು ದಿನದಿಂದ ಅವರು ಬ್ಲೂಟೂತ್ ಮಾಡ್ಯೂಲ್ ಬದಲಿಸುತ್ತಾ ಕೂತಿದ್ದರು. ಒಂದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ಡ್ರೈವರ್ ಸುಡುತ್ತದೆ.

ಬೆಂಚಿನ ಪರೀಕ್ಷೆಯಲ್ಲಿ ಪಾಸಾದರೆ ಇನ್ನೊಂದು. ಚಕ್ರ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಚಾಸಿಗೆ ಮೆಲ್ಲಗೆ ಬಡಿಯಿರಿ. ಅದಕ್ಕೇ ಮೂರು ಸಲ ಮಿನುಗಿದರೆ ಎಲ್ಲೋ ಲೂಸ್ ಕನೆಕ್ಷನ್. ಸ್ಪ್ರಿಂಗ್ ಹೋಲ್ಡರ್‌ನಲ್ಲಿ ಸೆಲ್ ಡಿಕ್ಕಿಗೆ ಕೂದಲೆಳೆಯಷ್ಟು ಜರುಗಿದರೂ ಸಾಕು. ಬ್ರೆಡ್‌ಬೋರ್ಡ್, ಜಂಪರ್ ವಯರ್ ಲ್ಯಾಬ್ ಮೇಜಿಗೆ ಸರಿ, ಡಿಕ್ಕಿ ಹೊಡೆಯುವ ಯಂತ್ರಕ್ಕೆ ಅಲ್ಲ. ಸೋಲ್ಡರ್ ಮಾಡಿ.

ಪರಿಹಾರ ಏನು? ಮೋಟರ್‌ಗೆ ಮೂರು ಸೆಲ್‌ನ 11.1 ವೋಲ್ಟ್ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ದಪ್ಪ ಸಿಲಿಕೋನ್ ವಯರ್, ಜಾಸ್ತಿ ಕರೆಂಟ್ ತಾಳುವ ಎಕ್ಸ್‌ಟಿ60 ಕನೆಕ್ಟರ್. ಮೋಟರ್ 6 ವೋಲ್ಟ್‌ನದ್ದಾದರೆ ಅದಕ್ಕೆ ಇಷ್ಟು ವೋಲ್ಟೇಜ್ ಕೊಡಬೇಡಿ. ಆರ್ಡುಯಿನೊಗೂ ಬ್ಲೂಟೂತ್‌ಗೂ ಬೇರೆಯೇ ಚಿಕ್ಕ ಬ್ಯಾಟರಿ. ಎರಡರ ಗ್ರೌಂಡ್ (ನೆಗೆಟಿವ್ ವಯರ್) ಕೂಡಿಸಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ತಲೆನೋವು. ಪ್ರತಿ ಮೋಟರ್‌ನ ಎರಡು ಕಾಲುಗಳ ನಡುವೆ 104 ಎಂದು ಬರೆದ ಸೆರಾಮಿಕ್ ಕೆಪ್ಯಾಸಿಟರ್ ಹಾಕಿ, ಮೋಟರ್ ಒಳಗಿನ ಬ್ರಶ್‌ನ ಕಿಡಿಯಿಂದ ಬರುವ ಎಲೆಕ್ಟ್ರಿಕಲ್ ನಾಯ್ಸ್ ಕಡಿಮೆಯಾಗುತ್ತದೆ. ಕೋಡ್‌ನಲ್ಲಿ ವೇಗವನ್ನು ಸೊನ್ನೆಯಿಂದ ಒಮ್ಮೆಲೇ 255ಕ್ಕೆ, ಅಂದರೆ ಪೂರ್ತಿ ವೇಗಕ್ಕೆ, ಹಾರಿಸಬೇಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಪೂರ್ತಿ ಮುಂದೆ ಹೋಗುತ್ತಿರುವಾಗ ತಟ್ಟನೆ ಹಿಂದಕ್ಕೆ ಒತ್ತುವುದು ಗೋಡೆಗೆ ಗುದ್ದುವುದಕ್ಕಿಂತ ಕೆಟ್ಟದ್ದು.

ಇಷ್ಟೆಲ್ಲ ನೋಡಿದ ಮೇಲೆ ಮಾತ್ರ ಸಿಗ್ನಲ್ ಕಡೆಗೆ ಬನ್ನಿ. ರಿಸೆಟ್ ಆಗಿಲ್ಲ, ಆದರೆ ದೂರ ಹೋದ ಹಾಗೆ ಕಟ್ ಆಗುತ್ತದೆ ಎಂದಾದರೆ ಅದು ನಿಜವಾಗಿ ಸಿಗ್ನಲ್ ತೊಂದರೆ. ಎಚ್‌ಸಿ-05 ಸುಮಾರು 10 ಮೀಟರ್‌ನ ಸಾಮಾನು. ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಅದೂ ಇಲ್ಲ.

ಪ್ರಶ್ನೆ: ಸಂಪರ್ಕ ತಪ್ಪಿದಾಗ ನಮ್ಮ ರೋಬೋ ನಿಲ್ಲುವ ಬದಲು ಓಡುತ್ತಲೇ ಇರುತ್ತದೆ. ದೊಡ್ಡ ಸಮಸ್ಯೆಯೇ? (ತಂಡದ ನಾಯಕ, ಮಂಗಳೂರು)

ಇದನ್ನು ಪ್ರಶ್ನೆಯಾಗಿ ಕೇಳಬೇಕಿತ್ತಾ? ಒಂದು ಫೆಸ್ಟ್‌ನಲ್ಲಿ ಹೀಗೇ ಓಡಿದ ರೋಬೋ ತಡೆಹಲಗೆ ದಾಟಿ ನನ್ನ ಪಕ್ಕ ನೆಲದಲ್ಲಿ ಕೂತಿದ್ದ ಶಾಲೆ ಮಗುವಿನ ಮೊಣಕಾಲಿಗೆ ಬಡಿಯಿತು. ಚರ್ಮ ಕಿತ್ತು ರಕ್ತ ಬಂತು. ಮಗುವಿನ ಅದೃಷ್ಟ, ಅದರಲ್ಲಿ ತಿರುಗುವ ಬ್ಲೇಡ್ ಇರಲಿಲ್ಲ. ಕೊನೆಗೆ ಬಂದ ಆಜ್ಞೆ "ಮುಂದೆ ಹೋಗು" ಎಂದಾದರೆ ನಿಮ್ಮ ಕೋಡ್ ಅದನ್ನೇ ಹಿಡಿದುಕೊಂಡು ಕೂತಿರುತ್ತದೆ. ಆಜ್ಞೆ ಬಂದ ಸಮಯವನ್ನು ಮಿಲ್ಲಿಸ್‌ನಿಂದ (ಆರ್ಡುಯಿನೊದಲ್ಲಿ ಸಮಯ ಹೇಳುವ ಫಂಕ್ಷನ್) ಗುರುತಿಟ್ಟುಕೊಳ್ಳಿ. ಅರ್ಧ ಸೆಕೆಂಡ್ ಹೊಸ ಆಜ್ಞೆ ಬರದಿದ್ದರೆ ಎಲ್ಲ ಮೋಟರ್ ನಿಲ್ಲಬೇಕು. ಆ್ಯಪ್ ಕೂಡ ಬಟನ್ ಒತ್ತಿರುವಷ್ಟು ಹೊತ್ತು ಆಜ್ಞೆ ಕಳುಹಿಸುತ್ತಲೇ ಇರುವಂಥದ್ದಾಗಬೇಕು. ಫ್ಲೈಸ್ಕೈ ಕಂಪನಿಯ ರಿಮೋಟ್ ಇರುವವರು ಮೆನುವಿನಲ್ಲಿ ಫೇಲ್‌ಸೇಫ್ (ಸಿಗ್ನಲ್ ತಪ್ಪಿದರೆ ಏನು ಮಾಡಬೇಕು ಎಂಬುದು) ಸೆಟ್ ಮಾಡಿ, ಚಕ್ರ ಗಾಳಿಯಲ್ಲಿಟ್ಟು ಓಡುತ್ತಿರುವಾಗಲೇ ರಿಮೋಟ್ ಆಫ್ ಮಾಡಿ ನೋಡಿ. ನಾನು ತೀರ್ಪುಗಾರನಾಗಿ ಕೂತಲ್ಲಿ ಈ ಪರೀಕ್ಷೆಯಲ್ಲಿ ಫೇಲ್ ಆದ ರೋಬೋವನ್ನು ಅರೀನಾಕ್ಕೆ ಇಳಿಸಲು ಬಿಡುವುದಿಲ್ಲ. ಯಾರು ಬೇಸರ ಮಾಡಿಕೊಂಡರೂ ಸರಿ.

ಎದುರಾಳಿ ತಂಡ ಸಿಗ್ನಲ್ ತಡೆಯುವ ಜಾಮರ್ ಇಟ್ಟಿದೆ ಎಂಬ ಅನುಮಾನ. (ಉಡುಪಿ) ಸರಕಾರದ ಅನುಮತಿ ಇಲ್ಲದೆ ಜಾಮರ್ ಬಳಸುವುದು ನಮ್ಮಲ್ಲಿ ಅಪರಾಧ, ಸಾಕ್ಷಿ ಇಲ್ಲದೆ ಬೇರೆ ಮಕ್ಕಳ ಮೇಲೆ ಆ ಮಾತು ಹೊರಿಸಬೇಡಿ. ಮೊದಲು ಬೆಂಚಿನ ಪರೀಕ್ಷೆ ಮಾಡಿ.

ಆಂಟೆನಾಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ರೇಂಜ್ ಹೆಚ್ಚುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. (ಬಂಟ್ವಾಳ) ಇದ್ದ ರೇಂಜ್ ಕೂಡ ಹೋಗುತ್ತದೆ. ಇಂಥ ವಿಡಿಯೊ ಮಾಡುವವರು ಮಕ್ಕಳ ಶ್ರಮದ ಜೊತೆ ಆಡುತ್ತಿದ್ದಾರೆ.

9 ವೋಲ್ಟ್‌ನ ಚೌಕ ಬ್ಯಾಟರಿಯಿಂದ ಮೋಟರ್ ಓಡಿಸಬಹುದೇ? (ಕುಂದಾಪುರ) ಬೇಡ.

ವೈಫೈ ಇರುವ ನಮ್ಮ ಇಎಸ್‌ಪಿ32 ಬೋರ್ಡಿಗೆ ಗೆಳೆಯನ ಹಾಟ್‌ಸ್ಪಾಟ್ ಕಾಣುವುದೇ ಇಲ್ಲ. (ಸುರತ್ಕಲ್) ಅದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ಫೋನ್‌ನಲ್ಲಿ ಹಾಟ್‌ಸ್ಪಾಟ್‌ನ ಬ್ಯಾಂಡ್ ಬದಲಿಸಿ.

ಮಳೆಗಾಲದಲ್ಲಿ ಕಟ್ಟಿಟ್ಟ ರೋಬೋ ಈಗ ತಡೆದು ತಡೆದು ಓಡುತ್ತದೆ. (ಮಲ್ಪೆ) ಕಡಲ ಬದಿಯ ಉಪ್ಪುಗಾಳಿ. ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ, ಹೋಗದಿದ್ದರೆ ಕನೆಕ್ಟರ್ ಬದಲಿಸಿ. ಬರುವ ಜೂನ್‌ಗೆ ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಲೈಪೊ ಬ್ಯಾಟರಿ ಊದಿದೆ. ಸೂಜಿಯಿಂದ ಚುಚ್ಚಿ ಗ್ಯಾಸ್ ತೆಗೆದರೆ ಮತ್ತೆ ಬಳಸಬಹುದು ಎನ್ನುತ್ತಾರೆ. (ಸುಳ್ಯ) ಖಂಡಿತ ಬೇಡ, ಬೆಂಕಿ ಹತ್ತುತ್ತದೆ. ಹಾಗೆ ಹೇಳಿದವರ ಹತ್ತಿರ ಇನ್ನು ಯಾವ ಸಲಹೆಯನ್ನೂ ಕೇಳಬೇಡಿ. ಚಾರ್ಜ್ ಮಾಡಬೇಡಿ, ಮನೆಯೊಳಗೆ ಇಡಬೇಡಿ. ಮರಳು ತುಂಬಿದ ಬಕೆಟ್‌ನಲ್ಲಿಟ್ಟು ಇವತ್ತೇ ನಿಮ್ಮ ಲ್ಯಾಬ್‌ನವರಿಗೆ ತಿಳಿಸಿ.